ಹೋ ಮಳೆಕಾಡಿನಲ್ಲಿ ಚಿಕ್ಕ ಕ್ಯಾಂಪರ್ ವ್ಯಾನ್: ಒಳಗಿನ ತೇವ, ಬ್ಯಾಟರಿ, ನಿಲ್ಲಿಸುವ ಜಾಗ

ತುಂಗಾತೀರ ಕೇಳಿದ ಪ್ರಶ್ನೆ (ಕೆಳಗಿನ ತಲೆಬರಹಗಳು ಬರೆದವರ ಅಡ್ಡಹೆಸರುಗಳು)

ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ನ್ಯಾಷನಲ್ ಪಾರ್ಕ್‌ನ ಹೋ ಮಳೆಕಾಡಿಗೆ ಸೆಪ್ಟೆಂಬರ್ ಕೊನೆಯಲ್ಲಿ ನಾಲ್ಕು ರಾತ್ರಿಗೆ ಹೋಗುವವರಿದ್ದೇವೆ. ಹೊರಡುವುದು ರೆಡ್ಮಂಡ್‌ನಿಂದ. ದೊಡ್ಡವರು ಇಬ್ಬರು, ಜೊತೆಗೆ ಒಂಬತ್ತು ವರ್ಷದ ಮಗಳು. ಗಾಡಿ ಸೆಕೆಂಡ್ ಹ್ಯಾಂಡ್ ಪ್ರೋಮಾಸ್ಟರ್ ವ್ಯಾನ್, 159 ಇಂಚಿನ ವೀಲ್‌ಬೇಸ್, ಹೈ ರೂಫ್. ಒಳಗಿರುವ ಸಾಮಾನು ಇಷ್ಟು: 100 ಆಂಪ್‌ಅವರ್‌ನ ಎರಡು ಎಜಿಎಂ (ಮುಚ್ಚಿದ ಸೀಸ-ಆಮ್ಲದ) ಬ್ಯಾಟರಿ, ಚಾವಣಿ ಮೇಲೆ 200 ವಾಟ್ ಸೋಲಾರ್, 30 ಆಂಪ್‌ನ ಡಿಸಿ-ಡಿಸಿ ಚಾರ್ಜರ್ (ಗಾಡಿ ಓಡುವಾಗ ಎಂಜಿನ್ನಿನಿಂದ ಈ ಬ್ಯಾಟರಿ ತುಂಬಿಸುವುದು), ಗಾಡಿಯ ಪೆಟ್ರೋಲ್ ಟ್ಯಾಂಕಿನಿಂದಲೇ ಓಡುವ ಏರ್ ಹೀಟರ್, ಕಂಪ್ರೆಸರ್ ಫ್ರಿಜ್, ಮಳೆಮುಚ್ಚಳ ಇರುವ ರೂಫ್ ಫ್ಯಾನ್, 20 ಗ್ಯಾಲನ್ ನೀರು, ಕ್ಯಾಸೆಟ್ ಟಾಯ್ಲೆಟ್ (ತೊಟ್ಟಿಯನ್ನು ಹೊರತೆಗೆದು ಖಾಲಿ ಮಾಡುವಂಥದ್ದು), ಎರಡೂವರೆ ಮೀಟರ್‌ಗೆ ಮೂರು ಮೀಟರ್‌ನ ಆನಿಂಗ್ (ಗಾಡಿಯ ಬದಿಗೆ ಬಿಚ್ಚುವ ಬಟ್ಟೆಯ ಚಾವಣಿ).

ಕೇಳಬೇಕಾದದ್ದು:

ಮಳೆಯ ರಾತ್ರಿ ಮುಗಿದು ಬೆಳಗ್ಗೆ ಎದ್ದರೆ ಗಾಜು, ಬಾಗಿಲಿನ ಲೋಹ, ಹಾಸಿಗೆಯ ತಳ ಎಲ್ಲ ಒದ್ದೆ. ಕಿಟಕಿ ತೆಗೆದಿಡಿ ಅನ್ನುತ್ತಾರೆ. ಹೊರಗೇ ತೇವಾಂಶ ನೂರಕ್ಕೆ ನೂರು ಇರುವಾಗ ಕಿಟಕಿ ತೆಗೆದರೆ ಇನ್ನೂ ತೇವ ಒಳಗೆ ಬರುವುದಿಲ್ಲವೇ? ತೀರ್ಥಹಳ್ಳಿ ಕಡೆ ಆಷಾಢದಲ್ಲಿ ಕಿಟಕಿ ಮುಚ್ಚಿಯೇ ಇಡುತ್ತಿದ್ದೆವು.

ಕರೆಂಟ್ ಹುಕಪ್ ಇಲ್ಲದ ಜಾಗದಲ್ಲಿ ಈ ಬ್ಯಾಟರಿ ನಾಲ್ಕು ರಾತ್ರಿ ತಡೆಯುತ್ತದೆಯೇ?

ಈ ಉದ್ದದ ಗಾಡಿಗೆ ಅಲ್ಲಿ ಜಾಗ ಆಗುತ್ತದೆಯೇ? ಅಡುಗೆ ಒಳಗೋ ಹೊರಗೋ?

---

ಒದ್ದೆಕಾಡು

ಮೊದಲ ಪ್ರಶ್ನೆಯೇ ಮುಖ್ಯ. ಹೋ ಕಾಡಿನಲ್ಲಿ ಟ್ರಿಪ್ ಕೆಡುವುದು ಹೊರಗಿನ ಮಳೆಯಿಂದಲ್ಲ, ಗಾಡಿಯೊಳಗೆ ನಾವೇ ಹುಟ್ಟಿಸುವ ನೀರಿನಿಂದ.

ಮಲೆನಾಡಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಆಷಾಢದಲ್ಲಿ ತೀರ್ಥಹಳ್ಳಿಯ ಗಾಳಿ ಸುಮಾರು 23 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ತೇವಾಂಶ ಶೇ. 95 ಎಂದರೆ ಒಂದು ಘನ ಮೀಟರ್ ಗಾಳಿಯಲ್ಲಿ 19 ಗ್ರಾಂನಷ್ಟು ನೀರಿನಾವಿ. ಮನೆಯೊಳಗೂ ಅದೇ ಬಿಸಿ, ಅದೇ ತೇವ. ಕಿಟಕಿ ತೆಗೆದು ಏನೂ ಲಾಭವಿಲ್ಲ. ಹೋ ಕಾಡಿನಲ್ಲಿ ಸೆಪ್ಟೆಂಬರ್ ಕೊನೆಯ ರಾತ್ರಿ 8 ಡಿಗ್ರಿ ಇದೆ ಅಂದುಕೊಳ್ಳಿ. 8 ಡಿಗ್ರಿಯ ಗಾಳಿ ಪೂರ್ತಿ ತೇವ ತುಂಬಿಕೊಂಡಿದ್ದರೂ ಅದರಲ್ಲಿರುವುದು ಘನ ಮೀಟರಿಗೆ 8.3 ಗ್ರಾಂ ಮಾತ್ರ. ಅದೇ ಗಾಳಿಯನ್ನು ಒಳಗೆಳೆದು 20 ಡಿಗ್ರಿಗೆ ಬಿಸಿ ಮಾಡಿದರೆ ಅದರ ತೇವಾಂಶ ಶೇ. 50ಕ್ಕಿಂತ ಕೆಳಗಿಳಿಯುತ್ತದೆ, ಯಾಕೆಂದರೆ 20 ಡಿಗ್ರಿಯ ಗಾಳಿ 17 ಗ್ರಾಂವರೆಗೆ ಹಿಡಿದುಕೊಳ್ಳಬಲ್ಲದು. ಹಾಗಾಗಿ ಹೊರಗೆ ಮಳೆ ಸುರಿಯುತ್ತಿದ್ದರೂ ಆ ತಣ್ಣನೆ ಗಾಳಿ ನಿಮ್ಮ ಗಾಡಿಯ ಮಟ್ಟಿಗೆ ಒಣ ಗಾಳಿಯೇ. ಬಿಸಿ ಮಾಡಬೇಕು ಅಷ್ಟೇ.

ಇದರಿಂದ ಎರಡು ಮಾತು ಹೊರಡುತ್ತದೆ. ಫ್ಯಾನ್ ಹಾಕಿ ಹೀಟರ್ ಆಫ್ ಮಾಡಿದರೆ ಗಾಡಿ ಒಣಗುವುದಿಲ್ಲ. ಹೀಟರ್ ಹಾಕಿ ಎಲ್ಲ ಮುಚ್ಚಿಟ್ಟರೂ ಒಣಗುವುದಿಲ್ಲ. ಬೆಚ್ಚಗಾದ ಗಾಳಿ ಇನ್ನಷ್ಟು ಆವಿ ಹೀರಿಕೊಂಡು ತಣ್ಣನೆ ಗಾಜಿನ ಮೇಲೆ ಇಳಿಸುತ್ತದೆ. ಎರಡೂ ಒಟ್ಟಿಗೆ ಓಡಬೇಕು.

ಎಷ್ಟು ಗಾಳಿ ಬೇಕು? ಮಲಗಿದವರು ಉಸಿರು ಮತ್ತು ಚರ್ಮದಿಂದ ತಲೆಗೆ ಗಂಟೆಗೆ 40 ಗ್ರಾಂನಷ್ಟು ನೀರು ಬಿಡುತ್ತಾರೆ ಅಂತ ಹಿಡಿಯಿರಿ. ಮೂವರಿಗೆ 120 ಗ್ರಾಂ, ಎಂಟು ಗಂಟೆಗೆ ಹತ್ತಿರಹತ್ತಿರ ಒಂದು ಲೀಟರ್. ಒಳಗೆ 20 ಡಿಗ್ರಿ, ತೇವಾಂಶ ಶೇ. 60 ಇಡಬೇಕಾದರೆ ಗಂಟೆಗೆ 60 ಘನ ಮೀಟರ್‌ನಷ್ಟು ಗಾಳಿ ಬದಲಾಗಬೇಕು. ನಿಮ್ಮ ವ್ಯಾನಿನ ಒಳಗಾತ್ರ 13 ಘನ ಮೀಟರ್ ಇರಬಹುದು. ಅಂದರೆ ಗಂಟೆಗೆ ಐದು ಸಲ. ಕೇಳಲು ಜಾಸ್ತಿ ಅನ್ನಿಸುತ್ತದೆ, ಆದರೆ ರೂಫ್ ಫ್ಯಾನಿನ ಅತಿ ಕಡಿಮೆ ಸ್ಪೀಡೇ ಇದಕ್ಕಿಂತ ಹೆಚ್ಚು ಎಳೆಯುತ್ತದೆ. ಅಷ್ಟು ಗಾಳಿಯನ್ನು 12 ಡಿಗ್ರಿ ಮೇಲಕ್ಕೆ ಬಿಸಿ ಮಾಡಲು 250 ವಾಟ್‌ನಷ್ಟು ಶಾಖ ಸಾಕು. ನಿಮ್ಮ ಹೀಟರ್ 2000 ವಾಟ್‌ನದಾಗಿದ್ದರೆ ಅದಕ್ಕೆ ಇದು ಲೆಕ್ಕಕ್ಕೇ ಇಲ್ಲ.

ಮಾಡುವ ಕ್ರಮ:

1. ರೂಫ್ ಫ್ಯಾನನ್ನು ಗಾಳಿ ಹೊರಹಾಕುವ ದಿಕ್ಕಿಗೆ, ಅತಿ ಕಡಿಮೆ ಸ್ಪೀಡಿಗೆ ಇಡಿ. ಮಳೆಮುಚ್ಚಳ ಇರುವುದರಿಂದ ರಾತ್ರಿಯಿಡೀ ತೆರೆದಿರಲಿ.
2. ಗಾಳಿ ಒಳಗೆ ಬರುವ ದಾರಿ ಫ್ಯಾನಿನಿಂದ ದೂರ, ಕೆಳಗೆ ಇರಲಿ. ಡ್ರೈವರ್ ಬದಿಯ ಕಿಟಕಿಗೆ ಮಳೆ ತಡೆಯುವ ವೈಸರ್ ಹಾಕಿ ಒಂದು ಬೆರಳಿನಷ್ಟು ಇಳಿಸಿ. ದಾರಿಯೇ ಇಲ್ಲದೆ ಫ್ಯಾನ್ ತಿರುಗಿದರೆ ಸುಮ್ಮನೆ ಸದ್ದು.
3. ಹೀಟರ್ ಥರ್ಮೋಸ್ಟಾಟ್ 18ರಿಂದ 20ರ ನಡುವೆ. 12ಕ್ಕೋ 14ಕ್ಕೋ ಇಳಿಸಿ ರಗ್ಗು ಹೊದ್ದರೆ ನಿದ್ದೆ ಬರುತ್ತದೆ, ಗಾಡಿ ಮಾತ್ರ ಒದ್ದೆಯಾಗುತ್ತದೆ.
4. ಒಂದು ಡಿಜಿಟಲ್ ಹೈಗ್ರೋಮೀಟರನ್ನು (ತೇವಾಂಶ ಅಳೆಯುವ ಮೀಟರ್) ಹಾಸಿಗೆಯ ಎತ್ತರದಲ್ಲಿ ಇಡಿ. ಶೇ. 60 ದಾಟಿದರೆ ಫ್ಯಾನ್ ಒಂದು ಹಂತ ಮೇಲೆ.

ಡ್ರೈವರ್ ಸೀಟಿನ ಹಿಂದೆ ದಪ್ಪ ಪರದೆ ಕಟ್ಟುವವರು ಒಂದು ವಿಷಯ ತಿಳಿದಿರಬೇಕು. ಪರದೆ ಶಾಖ ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ತಣ್ಣಗಾದ ಮುಂಭಾಗದ ಗಾಜು ಇಡೀ ರಾತ್ರಿ ಬೆವರುತ್ತದೆ, ನೀರು ಡ್ಯಾಶ್‌ಬೋರ್ಡ್‌ಗೆ ಇಳಿಯುತ್ತದೆ. ಗಾಜಿಗೆ ಅಂಟಿಸುವ ಬೆಳ್ಳಿ ಹಾಳೆಯ ಹಿಂದೆಯೂ ಹಾಗೆಯೇ. ಬೆಳಗ್ಗೆ ಎದ್ದ ಕೂಡಲೇ ಚಿಕ್ಕ ಸ್ಕ್ವೀಜಿಯಿಂದ ಎಳೆದು, ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಹೊರಗೇ ಹಿಂಡಿ. ಆ ಬಟ್ಟೆಯನ್ನು ಒಳಗೆ ಒಣಹಾಕಿದರೆ ಒರೆಸಿದ ನೀರೆಲ್ಲ ಮತ್ತೆ ಗಾಳಿಗೆ ಸೇರುತ್ತದೆ. ಒದ್ದೆ ರೇನ್‌ಕೋಟ್, ಸಾಕ್ಸ್‌ಗಳಿಗೂ ಇದೇ ಮಾತು. ಮೊದಲು ಆನಿಂಗ್ ಕೆಳಗೆ ಕೊಡವಿ ನೀರು ಇಳಿಸಿ, ಆಮೇಲೆ ಹೀಟರಿನ ಬಿಸಿಗಾಳಿಗೂ ಫ್ಯಾನಿಗೂ ನಡುವಿನ ಜಾಗದಲ್ಲಿ ನೇತುಹಾಕಿ.

ಹಾಸಿಗೆಯ ತಳ ಒದ್ದೆಯಾಗುವುದಕ್ಕೆ ಕಾರಣ ಪ್ಲೈವುಡ್ ಹಲಗೆ. ಮೈಬಿಸಿಯ ಆವಿ ಫೋಮ್ ದಾಟಿ ಕೆಳಗಿಳಿದು ತಣ್ಣನೆ ಹಲಗೆಯ ಮೇಲೆ ನೀರಾಗುತ್ತದೆ. ಹಲಗೆ ಮತ್ತು ಹಾಸಿಗೆ ನಡುವೆ ಎರಡು ಸೆಂಟಿಮೀಟರ್ ದಪ್ಪದ, ಗಾಳಿಯಾಡುವ ನೈಲಾನ್ ಜಾಲರಿ ಹಾಸಿ, ಹಲಗೆಗೆ ಅಲ್ಲಲ್ಲಿ ತೂತು ಕೊರೆಯಿರಿ. ಬೆಳಗ್ಗೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ. ಈ ಎರಡನ್ನೂ ಬಿಟ್ಟರೆ ನಾಲ್ಕನೇ ದಿನಕ್ಕೆ ಬೂಷ್ಟು ಹಿಡಿಯಲು ಶುರು.

---

ಹನ್ನೆರಡು ವೋಲ್ಟ್

ಮೇಲಿನವರು ಹೇಳಿದ್ದನ್ನೆಲ್ಲ ಮಾಡಲು ಕರೆಂಟ್ ಬೇಕು. ಒಂದು ದಿನದ ಖರ್ಚು ಹೀಗೆ ಹಿಡಿಯಿರಿ: ಫ್ರಿಜ್ ತಂಪು ಹವೆಯಲ್ಲಿ 25ರಿಂದ 30 ಆಂಪ್‌ಅವರ್, ಹೀಟರ್ ಹನ್ನೆರಡು ಗಂಟೆಗೆ 18ರಿಂದ 20, ಫ್ಯಾನ್ 4ರಿಂದ 5, ದೀಪ ಮತ್ತು ಫೋನ್ 8, ಪಂಪ್ 2. ಒಟ್ಟು 60ರ ಆಸುಪಾಸು. ನಿಮ್ಮದು 200 ಆಂಪ್‌ಅವರ್ ಎಜಿಎಂ. ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯುಸ್ಸು ಕಡಿಮೆಯಾಗುತ್ತದೆ, ಹಾಗಾಗಿ ಕೈಗೆ ಸಿಗುವುದು 100. ಎರಡನೇ ರಾತ್ರಿಯ ನಡುವೆ ಮುಗಿಯುತ್ತದೆ.

ಸೋಲಾರ್ ಮರೆತುಬಿಡಿ. ಸಿಟ್ಕಾ ಸ್ಪ್ರೂಸ್, ಹೆಮ್ಲಾಕ್ ಮರಗಳ ನೆರಳಿನಲ್ಲಿ, ಮೋಡ ಕವಿದ ದಿನ 200 ವಾಟ್ ಪ್ಯಾನಲ್ ಇಡೀ ದಿನಕ್ಕೆ 5ರಿಂದ 8 ಆಂಪ್‌ಅವರ್ ಕೊಟ್ಟರೆ ಹೆಚ್ಚು. ನದಿ ಬದಿಯ ಸೈಟ್ ಸಿಕ್ಕಿದರೆ ಆಕಾಶ ಸ್ವಲ್ಪ ತೆರೆದಿರುವುದರಿಂದ ಇದಕ್ಕಿಂತ ಚೆನ್ನ, ಆದರೂ ಅದನ್ನು ನಂಬಿ ಹೊರಡಬೇಡಿ.

ನಿಮ್ಮನ್ನು ಉಳಿಸುವುದು ಡಿಸಿ-ಡಿಸಿ ಚಾರ್ಜರ್. ಎರಡನೇ ದಿನವೇ ಹತ್ತಿರದ ಊರಾದ ಫೋರ್ಕ್ಸ್ ಮೂಲಕ ರಿಯಾಲ್ಟೋ ಬೀಚಿಗೆ ಹೋಗಿ ಬನ್ನಿ. ಹೋಗಿ ಬರುವುದು ಸೇರಿ ಎರಡು ಗಂಟೆಗೂ ಮಿಕ್ಕಿದ ಡ್ರೈವ್. ಗಂಟೆಗೆ 25 ಆಂಪ್‌ಅವರ್‌ನಂತೆ 55ರಿಂದ 60 ವಾಪಸ್ ಬರುತ್ತದೆ, ಅಂದರೆ ಒಂದು ದಿನದ ಖರ್ಚು. ನಾಲ್ಕು ರಾತ್ರಿಗೆ ಇಂಥ ಎರಡು ಡ್ರೈವ್ ಬೇಕಾಗುತ್ತದೆ. ಇನ್ನೊಂದನ್ನು ದಕ್ಷಿಣಕ್ಕೆ, ರೂಬಿ ಬೀಚ್ ಮತ್ತು ಕಲೇಲಾಕ್ ಕಡೆಗೆ ಇಟ್ಟುಕೊಳ್ಳಿ. ಎಜಿಎಂ ಶೇ. 80ರವರೆಗೆ ಬೇಗ ತುಂಬುತ್ತದೆ, ಆಮೇಲೆ ಕರೆಂಟ್ ಎಳೆದುಕೊಳ್ಳುವುದನ್ನು ತಾನೇ ಕಡಿಮೆ ಮಾಡುತ್ತದೆ. ಆದ್ದರಿಂದ ಖಾಲಿಯಾದಾಗ ಓಡಿಸಿದ ಡ್ರೈವೇ ಲಾಭದ್ದು. ಸೈಟಿನಲ್ಲಿ ನಿಂತು ಎಂಜಿನ್ ಓಡಿಸಿ ಚಾರ್ಜ್ ಮಾಡುವುದು ಬೇಡ: ಐಡಲ್‌ನಲ್ಲಿ ಆಲ್ಟರ್ನೇಟರ್‌ಗೆ ತಂಪುಗಾಳಿ ಸಾಲದೆ ಬಿಸಿಯಾಗುತ್ತದೆ, ಪಕ್ಕದ ಟೆಂಟಿನವರಿಗೆ ಹೊಗೆ ಹೊಡೆಯುತ್ತದೆ.

ಖರ್ಚು ಮಾಡುವ ಮನಸ್ಸಿದ್ದರೆ ಎರಡೂ ಎಜಿಎಂ ತೆಗೆದು 200 ಆಂಪ್‌ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಒಂದು ಹಾಕಿ. ಮೂರು ದಿನ ನಿಶ್ಚಿಂತೆ. ಡಿಸಿ-ಡಿಸಿ ಮತ್ತು ಸೋಲಾರ್ ಕಂಟ್ರೋಲರ್ ಎರಡರಲ್ಲೂ ಬ್ಯಾಟರಿ ಪ್ರೊಫೈಲ್ ಬದಲಿಸಲು ಮರೆಯಬೇಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು, ಆದರೆ ಬ್ಯಾಟರಿ ಗಾಡಿಯ ಒಳಗಿದ್ದರೆ ಸೆಪ್ಟೆಂಬರ್‌ನಲ್ಲಿ ಆ ತೊಂದರೆ ಬರುವುದಿಲ್ಲ.

ಈಗ ಹೀಟರ್. ಬೆಳಗಿನ ಜಾವ ನಾಲ್ಕಕ್ಕೆ ಹೀಟರ್ ಎರರ್ ತೋರಿಸಿ ನಿಂತುಹೋಗುವುದು ಇಂಥ ಜಾಗದ ಮಾಮೂಲಿ ಗೋಳು, ಎಲ್ಲರೂ ಹೀಟರನ್ನೇ ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ವೈರಿನದು. ಹೊತ್ತಿಕೊಳ್ಳುವಾಗ ಗ್ಲೋ ಪ್ಲಗ್ (ಇಂಧನ ಹೊತ್ತಿಸುವ ಬಿಸಿ ಕಡ್ಡಿ) ಒಂದೆರಡು ನಿಮಿಷ 8ರಿಂದ 10 ಆಂಪ್ ಎಳೆಯುತ್ತದೆ. ಬ್ಯಾಟರಿಯಿಂದ ಹೀಟರಿಗೆ ಐದು ಮೀಟರ್ ದೂರ, ವೈರು 2.5 ಚದರ ಮಿಲಿಮೀಟರ್ ಇದ್ದರೆ ಹೋಗಿಬರುವ ದಾರಿಯಲ್ಲೇ 0.7 ವೋಲ್ಟ್ ಕಳೆದುಹೋಗುತ್ತದೆ. ಅರ್ಧ ಇಳಿದ ಬ್ಯಾಟರಿ ಆ ಲೋಡಿಗೆ 11.6 ಕೊಟ್ಟರೆ ಹೀಟರಿಗೆ ಮುಟ್ಟುವುದು 10.9, ಹೀಟರುಗಳು ಕೈಚೆಲ್ಲುವ ಮಟ್ಟಕ್ಕೆ ಅದು ತೀರಾ ಹತ್ತಿರ. ಅದೇ ದೂರಕ್ಕೆ 6 ಚದರ ಮಿಲಿಮೀಟರ್ ವೈರು ಎಳೆದರೆ ನಷ್ಟ 0.3 ವೋಲ್ಟ್ ಮಾತ್ರ. ಹೊರಡುವ ಮೊದಲು ಹೀಟರ್ ಹೊತ್ತುವಾಗ ಅದರ ಕನೆಕ್ಟರಿನಲ್ಲೇ ಮಲ್ಟಿಮೀಟರ್ ಇಟ್ಟು ನೋಡಿ.

ಇನ್ನು ಮೂರು ಸಂಗತಿ. ಹೀಟರ್ ಪದೇಪದೇ ಆಫ್ ಆಗಿ ಮತ್ತೆ ಹೊತ್ತುವ ಬದಲು ಸಣ್ಣ ಉರಿಯಲ್ಲಿ ಎಡೆಬಿಡದೆ ಓಡಲಿ. ಆದರೆ ಸಣ್ಣ ಉರಿಯಲ್ಲೇ ಓಡಿದರೆ ಒಳಗೆ ಮಸಿ ಕಟ್ಟುತ್ತದೆ, ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಪೂರ್ತಿ ಉರಿಯಲ್ಲಿ ಬಿಡಿ. ನಿಲ್ಲಿಸುವಾಗ ಕಂಟ್ರೋಲರಿನಿಂದಲೇ ನಿಲ್ಲಿಸಿ, ಮೇನ್ ಸ್ವಿಚ್ ತೆಗೆಯಬೇಡಿ. ತಣ್ಣಗಾಗಲು ಫ್ಯಾನ್ ಕೆಲವು ನಿಮಿಷ ತಿರುಗಲೇಬೇಕು. ಕೊನೆಯದಾಗಿ, ಗಾಡಿಯ ಟ್ಯಾಂಕಿನಿಂದ ಎಳೆಯುವ ಹೀಟರಿನ ಕೊಳವೆ ಸಾಮಾನ್ಯವಾಗಿ ಕಾಲು ಟ್ಯಾಂಕಿಗಿಂತ ಕೆಳಗೆ ಮುಟ್ಟುವುದಿಲ್ಲ, ಮನೆಗೆ ವಾಪಸಾಗಲು ಪೆಟ್ರೋಲ್ ಉಳಿಯಲಿ ಅಂತ. ರಾತ್ರಿಗೆ ಖರ್ಚಾಗುವುದು ಒಂದೂವರೆಯಿಂದ ಎರಡು ಲೀಟರ್ ಅಷ್ಟೇ, ಆದರೂ ಫೋರ್ಕ್ಸ್‌ನಲ್ಲಿ ತುಂಬಿಸಿಕೊಂಡೇ ಕಾಡಿಗೆ ತಿರುಗಿ.

---

ತುಂಗಾತೀರ

ತುಂಬಾ ಉಪಯೋಗವಾಯಿತು, ಇಬ್ಬರಿಗೂ ಧನ್ಯವಾದ. ಎರಡು ಚಿಕ್ಕ ಪ್ರಶ್ನೆ. ತೇವ ಹೀರುವ ಬಿಳಿ ಹರಳಿನ ಡಬ್ಬ ಅಥವಾ ಚಿಕ್ಕ ಎಲೆಕ್ಟ್ರಿಕ್ ಡಿಹ್ಯುಮಿಡಿಫೈಯರ್ ಇಟ್ಟರೆ ಫ್ಯಾನ್ ತಪ್ಪುತ್ತದೆಯೇ? ಪೆಟ್ರೋಲ್ ಹೀಟರ್ ಕೈಕೊಟ್ಟರೆ ಇರಲಿ ಅಂತ ಪ್ರೊಪೇನ್ ಬಡ್ಡಿ ಹೀಟರ್ (ಸಿಲಿಂಡರ್ ಸಿಕ್ಕಿಸುವ ಪುಟ್ಟ ಹೀಟರ್) ಒಯ್ಯಬಹುದೇ?

---

ಒದ್ದೆಕಾಡು

ಹರಳಿನ ಡಬ್ಬ ಬೇಡ. ಕ್ಯಾಲ್ಸಿಯಂ ಕ್ಲೋರೈಡ್ ವಾರಗಟ್ಟಲೆ ಕೂತು ಒಂದು ಲೋಟದಷ್ಟು ನೀರು ಹಿಡಿಯುತ್ತದೆ; ನೀವು ಮೂವರು ಒಂದೇ ರಾತ್ರಿಗೆ ಒಂದು ಲೀಟರ್ ಬಿಡುತ್ತೀರಿ. ತಿರುವಿನಲ್ಲಿ ಆ ಉಪ್ಪುನೀರು ಚೆಲ್ಲಿದರೆ ಲೋಹ ತುಕ್ಕು ಹಿಡಿಯುತ್ತದೆ. ಗಾಡಿಯನ್ನು ಮನೆಮುಂದೆ ಮುಚ್ಚಿ ನಿಲ್ಲಿಸುವಾಗ ಅದು ಸರಿ. ಚಿಕ್ಕ ಎಲೆಕ್ಟ್ರಿಕ್ ಮೆಷಿನ್ ಇಡೀ ದಿನ 60–70 ವಾಟ್ ತಿಂದು ಕಾಲು ಲೀಟರ್ ತೆಗೆಯುತ್ತದೆ. ನಿಮ್ಮ ಬ್ಯಾಟರಿಯನ್ನು ಒಂದೇ ದಿನದಲ್ಲಿ ಮುಗಿಸುತ್ತದೆ.

ಬಡ್ಡಿ ಹೀಟರ್ ಮಲಗುವ ಹೊತ್ತಿಗೆ ಖಂಡಿತ ಬೇಡ. ಪೆಟ್ರೋಲ್ ಹೀಟರ್ ಉರಿಯುವುದು ಮುಚ್ಚಿದ ಗೂಡಿನಲ್ಲಿ, ಅದರ ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ. ಬಡ್ಡಿಯಲ್ಲಿ ಹೊಗೆಕೊಳವೆಯೇ ಇಲ್ಲ, ಉರಿದದ್ದೆಲ್ಲ ನಿಮ್ಮ ಉಸಿರಿಗೇ. ಒಂದು ಕಿಲೋ ಪ್ರೊಪೇನ್ ಉರಿದರೆ 1.6 ಕಿಲೋ ನೀರಾಗುತ್ತದೆ. ಒಂದು ಪೌಂಡಿನ ಹಸಿರು ಸಿಲಿಂಡರ್ ಒಂದು ಮುಗಿಸಿದರೆ ಮುಕ್ಕಾಲು ಲೀಟರ್ ನೀರನ್ನು ಗಾಡಿಯೊಳಗೆ ಚಿಮುಕಿಸಿದ ಹಾಗೆ. ಇಂಗಾಲದ ಮೊನಾಕ್ಸೈಡ್‌ನ ಅಪಾಯ ಅದಕ್ಕಿಂತ ದೊಡ್ಡದು, ಅದಕ್ಕೆ ವಾಸನೆ ಇಲ್ಲ. ಯಾವ ಹೀಟರ್ ಇದ್ದರೂ ಸಿಓ ಅಲಾರಂ ಹಾಸಿಗೆಯ ಹತ್ತಿರ ಇರಲಿ, ಹಿಂದೆ ಬರೆದಿರುವ ಅವಧಿ ಮುಗಿದಿದೆಯೇ ನೋಡಿ. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಅದು ಮುಗಿದಿರುವ ಸಂಭವವೇ ಹೆಚ್ಚು. ಹೀಟರ್ ಕೈಕೊಟ್ಟರೆ ಎಂಬ ಭಯಕ್ಕೆ ದಪ್ಪ ಸ್ಲೀಪಿಂಗ್ ಬ್ಯಾಗ್, ಮಗಳಿಗೆ ಬಿಸಿನೀರಿನ ಚೀಲ ಸಾಕು.

---

ಹೆದ್ದಾರಿ 101

ಜಾಗದ ಬಗ್ಗೆ. ಹೋ ಕ್ಯಾಂಪ್‌ಗ್ರೌಂಡ್‌ನಲ್ಲಿ ಆರ್‌ವಿಗೆ, ಅಂದರೆ ಒಳಗೇ ಮಲಗುವ ಗಾಡಿಗೆ, 21 ಅಡಿ ಮಿತಿ. ನಿಮ್ಮ ವ್ಯಾನ್ 19 ಅಡಿ 8 ಇಂಚು, ಸರಿಯಾಗುತ್ತದೆ. ಹಿಂದೆ ಮೂರಡಿಯ ಸೈಕಲ್ ರ್‍ಯಾಕ್ ಹಾಕಿದರೆ ಮೀರಿತು. ಜೊತೆಗೆ ಫೆರಿಯಲ್ಲಿ (ಗಾಡಿ ಸಾಗಿಸುವ ಹಡಗಿನಲ್ಲಿ) ಹೋಗುವುದಾದರೆ 22 ಅಡಿ ದಾಟಿದ ಗಾಡಿಗೆ ಮೇಲಿನ ದರ. ಸೈಕಲ್ ಬಿಟ್ಟು ಹೋಗಿ, ಕಾಡಿನ ಕಾಲುದಾರಿಗಳಲ್ಲಿ ಸೈಕಲ್ ಬಿಡುವುದೂ ಇಲ್ಲ. ಅಡುಗೆಗೆ ಪ್ರೊಪೇನ್ ಸಿಲಿಂಡರ್ ಇದ್ದರೆ ಫೆರಿ ಹತ್ತುವ ಮೊದಲು ವಾಲ್ವ್ ಮುಚ್ಚಿರಿ.

ಬೇಸಿಗೆಯಲ್ಲಿ ರೆಕ್ರಿಯೇಷನ್ ಡಾಟ್ ಗವ್‌ನಲ್ಲಿ ರಿಸರ್ವ್ ಮಾಡಬೇಕು, ಆ ಅವಧಿ ಮುಗಿದ ಮೇಲೆ ಮೊದಲು ಬಂದವರಿಗೆ. ಆ ತಾರೀಕು ಬದಲಾಗುತ್ತಿರುತ್ತದೆ, ನಿಮ್ಮ ನಾಲ್ಕು ರಾತ್ರಿ ಯಾವ ಕಡೆ ಬೀಳುತ್ತದೆ ನೋಡಿಕೊಳ್ಳಿ. ಸಿಗದಿದ್ದರೆ ಅಪ್ಪರ್ ಹೋ ರಸ್ತೆಯಲ್ಲೇ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ (ಡಿಎನ್‌ಆರ್) ಮಿನ್ನಿ ಪೀಟರ್ಸನ್ ಕ್ಯಾಂಪ್‌ಗ್ರೌಂಡ್ ಇದೆ. ಅಲ್ಲಿ ಕುಡಿಯುವ ನೀರಿಲ್ಲ, ಡಿಸ್ಕವರ್ ಪಾಸ್ (ರಾಜ್ಯದ ಜಾಗಗಳಿಗೆ ಕೊಡುವ ಪಾಸ್) ಬೇಕು. ನ್ಯಾಷನಲ್ ಪಾರ್ಕ್‌ನ ಪಾಸ್ ಅಲ್ಲಿ ನಡೆಯುವುದಿಲ್ಲ. ಇನ್ನೊಂದು ಫೋರ್ಕ್ಸ್‌ಗೂ ಹೋ ತಿರುವಿಗೂ ನಡುವಿನ ಬೋಗಾಚೀಲ್ ಸ್ಟೇಟ್ ಪಾರ್ಕ್. ಇನ್ನೂ ನಿರ್ಜನ ಜಾಗ ಬೇಕೆಂದು ಕೆಲವರು ಕ್ವೀಟ್ಸ್ ಕಣಿವೆಗೆ ಆಸೆಪಡುತ್ತಾರೆ. ಜಲ್ಲಿ ರಸ್ತೆ, ಕುಡಿಯುವ ನೀರಿಲ್ಲ, ಆರ್‌ವಿ ತರಬೇಡಿ ಎಂದು ಪಾರ್ಕಿನವರೇ ಹೇಳುತ್ತಾರೆ. ಮೊದಲ ಸಲಕ್ಕೆ ಅದು ಬೇಡ.

ಫೋರ್ಕ್ಸ್‌ನಿಂದ ದಕ್ಷಿಣಕ್ಕೆ ಹದಿಮೂರು ಮೈಲಿ ಬಂದು ಎಡಕ್ಕೆ ತಿರುಗಿದರೆ ಅಪ್ಪರ್ ಹೋ ರಸ್ತೆ, ಅಲ್ಲಿಂದ ವಿಸಿಟರ್ ಸೆಂಟರಿಗೆ 18 ಮೈಲಿ. ಒಂದೇ ರಸ್ತೆ, ಪಕ್ಕದಲ್ಲೇ ನದಿ. 2024ರ ಡಿಸೆಂಬರ್‌ನಲ್ಲಿ ನದಿ ಈ ರಸ್ತೆಯ ಒಂದು ತುಂಡನ್ನೇ ಕೊಚ್ಚಿಕೊಂಡು ಹೋಗಿತ್ತು, ಮತ್ತೆ ತೆರೆದದ್ದು 2025ರ ಮೇ ತಿಂಗಳಲ್ಲಿ. ಹೊರಡುವ ದಿನ ಬೆಳಗ್ಗೆ ರಸ್ತೆಯ ಸ್ಥಿತಿ ನೋಡಿಯೇ ಗಾಡಿ ತೆಗೆಯಿರಿ, ಕಾಡಿನಲ್ಲಿ ಫೋನ್ ಸಿಗ್ನಲ್ ಇಲ್ಲ. ಉಪಗ್ರಹದ ಎಸ್‌ಒಎಸ್ ಇರುವ ಫೋನಾದರೂ ಮರದ ಕೆಳಗೆ ಕೆಲಸ ಮಾಡುವುದು ಕಷ್ಟ, ನದಿಯ ಜಲ್ಲಿದಂಡೆಗೆ ಬಂದು ಆಕಾಶ ಕಾಣುವಂತೆ ಹಿಡಿಯಬೇಕು. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಸೈಟ್ ಆರಿಸುವಾಗ ಮೊದಲು ತಲೆಯೆತ್ತಿ ನೋಡಿ. ಅಲ್ಲಿಯ ಬಿಗ್‌ಲೀಫ್ ಮೇಪಲ್ ಕೊಂಬೆಗಳ ಮೇಲೆ ಪಾಚಿ, ಜರಿಗಿಡ ದಪ್ಪಗೆ ಬೆಳೆದಿರುತ್ತವೆ. ಮಳೆ ಕುಡಿದ ಪಾಚಿ ಭಾರವಾಗಿ, ಮೇಲಿಂದ ಗಾಳಿ ಬೀಸಿದರೆ ಕೊಂಬೆ ಮುರಿದು ಬೀಳುತ್ತದೆ. ಒಣಗಿದ ಕೊಂಬೆ ನೇತಾಡುವ ಜಾಗದಲ್ಲಿ ಗಾಡಿ ಬೇಡ. ಆಮೇಲೆ ನೆಲ ನೋಡಿ: ಜಲ್ಲಿ ಹಾಕಿದ ಭಾಗದಿಂದ ಒಂದು ಚಕ್ರವೂ ಆಚೆ ಹೋಗಬಾರದು. ಅಂಚಿನ ಮಣ್ಣು ಎಲೆಗೊಬ್ಬರದ್ದು, ನೋಡಲು ಗಟ್ಟಿ, ತುಳಿದರೆ ಹೂತುಹೋಗುತ್ತದೆ. ಮಟ್ಟ ಮಾಡುವ ಪ್ಲಾಸ್ಟಿಕ್ ಬ್ಲಾಕಿನ ಕೆಳಗೆ ಒಂದಡಿ ಚೌಕದ ಪ್ಲೈವುಡ್ ತುಂಡು ಇಡಿ. ಗಾಡಿಯ ಮೂತಿ ಚೂರು ತಗ್ಗಿದ್ದರೆ ಒಳ್ಳೆಯದೋ ಬಾಲವೋ ಎನ್ನುವುದು ಚಾವಣಿಯ ನೀರು ಎಲ್ಲಿಂದ ಇಳಿಯುತ್ತದೆ ಎಂಬುದರ ಮೇಲೆ. ಸ್ಲೈಡಿಂಗ್ ಬಾಗಿಲಿನ ಮೇಲೆ ಇಳಿಯದಂತೆ ನೋಡಿಕೊಳ್ಳಿ.

ಆನಿಂಗ್ ಮಟ್ಟಸವಾಗಿ ಬಿಡಬೇಡಿ. ನಿಮ್ಮ ಏಳೂವರೆ ಚದರ ಮೀಟರ್ ಬಟ್ಟೆಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 185 ಲೀಟರ್‌ಗೂ ಹೆಚ್ಚು ನೀರು, ಅಷ್ಟೇ ಕಿಲೋ ಭಾರ. ಅದರಲ್ಲಿ ಕಾಲುಭಾಗ ಗುಂಡಿ ಕಟ್ಟಿ ನಿಂತರೂ ತೋಳು ಬಾಗುತ್ತದೆ. ಒಂದು ಕಾಲನ್ನು ಇನ್ನೊಂದಕ್ಕಿಂತ ಒಂದಡಿ ತಗ್ಗಿಸಿ, ನೀರು ಬಾಗಿಲಿನಿಂದ ದೂರದ ಮೂಲೆಗೆ ಇಳಿಯಲಿ. ಮಲಗುವಾಗ, ಹೊರಗೆ ಹೋಗುವಾಗ ಸುತ್ತಿಡಿ.

ರೂಸ್‌ವೆಲ್ಟ್ ಎಲ್ಕ್ ಹಿಂಡು ಕ್ಯಾಂಪ್‌ಗ್ರೌಂಡ್ ಒಳಗೇ ಬರುತ್ತದೆ. ಸೆಪ್ಟೆಂಬರ್–ಅಕ್ಟೋಬರ್ ಅವುಗಳ ಬೆದೆಯ ಕಾಲ, ಗಂಡುಗಳು ಸಿಟ್ಟಿನಲ್ಲಿರುತ್ತವೆ. 50 ಗಜ ದೂರ ಇರಬೇಕು ಎಂಬುದು ಪಾರ್ಕಿನ ನಿಯಮ. ಮಗಳಿಗೆ ಇದನ್ನು ಹೊರಡುವ ಮೊದಲೇ ಹೇಳಿಡಿ. ಹಾಲ್ ಆಫ್ ಮಾಸಸ್ ಕಾಲುದಾರಿ 0.8 ಮೈಲಿ, ಸ್ಪ್ರೂಸ್ ನೇಚರ್ ಟ್ರೇಲ್ 1.2 ಮೈಲಿ, ಎರಡೂ ಮಕ್ಕಳು ನಡೆಯುವಂಥವು. ಕ್ಯಾಂಪಿನಲ್ಲೇ ಉಳಿದವರಿಗೆ ದೊಡ್ಡ ಲಾಭ ಬೆಳಗಿನ ಹೊತ್ತು, ಗೇಟಿನಲ್ಲಿ ಕಾರುಗಳ ಸಾಲು ನಿಲ್ಲುವ ಮೊದಲೇ ಹಾಲ್ ಆಫ್ ಮಾಸಸ್ ಸುತ್ತಿ ಬನ್ನಿ.

---

ಸಾರಿನಪುಡಿ

ಅಡುಗೆ ಹೊರಗೆ, ಆನಿಂಗ್ ಕೆಳಗೆ. ಕುಕ್ಕರ್ ಎರಡು ಸೀಟಿ ಹೊಡೆದರೆ ಸಾಕು, ಒದ್ದೆಕಾಡು ಅವರ ಲೆಕ್ಕವೆಲ್ಲ ಹಾಳು. ಒಳಗೆ ಒಗ್ಗರಣೆ ಹಾಕಿದರೆ ಎಣ್ಣೆಯ ಹಬೆ ಹಾಸಿಗೆ, ಪರದೆಗೆಲ್ಲ ಹತ್ತುತ್ತದೆ, ಆ ಅಂಟಿನ ಮೇಲೆ ತೇವ ಕೂತರೆ ವಾಸನೆ ಹೋಗುವುದೇ ಇಲ್ಲ. ಆನಿಂಗ್ ಬಟ್ಟೆಗೂ ಉರಿಗೂ ಸಾಕಷ್ಟು ಅಂತರ ಇರಲಿ, ಒಲೆಯನ್ನು ಅಂಚಿನ ಕಡೆಗೆ ಇಡಿ.

ನಮ್ಮವರ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಉದ್ದ ಡಬ್ಬದ ಬ್ಯುಟೇನ್ ಒಲೆ. ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. 5 ಡಿಗ್ರಿಯ ಬೆಳಗಿನಲ್ಲಿ ಮೊದಲು ಚೆನ್ನಾಗಿಯೇ ಉರಿದು, ಅನಿಲ ಹೊರಬರುತ್ತಾ ಡಬ್ಬ ಇನ್ನೂ ತಣ್ಣಗಾಗಿ, ಅಕ್ಕಿ ಅರ್ಧ ಬೆಂದಾಗ ಉರಿ ಕುಗ್ಗುತ್ತದೆ. ಡಬ್ಬ ಖಾಲಿಯಾಯಿತೆಂದು ಎಸೆಯುತ್ತಾರೆ, ಒಳಗೆ ಇನ್ನೂ ಇರುತ್ತದೆ. ಪ್ರೊಪೇನ್ ಒಲೆ ಒಯ್ಯಿರಿ, ಅದಕ್ಕೆ ಮೈನಸ್ 42ರವರೆಗೂ ಚಿಂತೆಯಿಲ್ಲ. ಕುಚ್ಚಲಕ್ಕಿಯ ಬದಲು ಸೋನಾ ಮಸೂರಿ, ಬೇಳೆಯನ್ನು ಮನೆಯಲ್ಲೇ ಬೇಯಿಸಿ ಫ್ರೀಜ್ ಮಾಡಿದರೆ ಫ್ರಿಜ್‌ಗೂ ಮೊದಲ ದಿನ ಕೆಲಸ ಹಗುರ. ಬೆಳಗ್ಗೆಗೆ ಹುರಿದ ರವೆ, ಅವಲಕ್ಕಿ. ಹಪ್ಪಳ ಬೇಡವೇ ಬೇಡ, ಡಬ್ಬ ತೆಗೆದ ಕ್ಷಣವೇ ಮೆತ್ತಗಾಗುತ್ತದೆ.

ಅಲ್ಲಿ ಕಪ್ಪು ಕರಡಿಗಳಿವೆ. ಊಟ ಮುಗಿದ ತಕ್ಷಣ ಒಲೆ, ಎಣ್ಣೆ ಬಾಟಲಿ, ಮಸಾಲೆ ಡಬ್ಬ, ತೊಳೆಯದ ಪಾತ್ರೆ, ಟೂತ್‌ಪೇಸ್ಟ್ ಎಲ್ಲ ವ್ಯಾನಿನೊಳಗೆ, ಇಲ್ಲವೇ ಅಲ್ಲಿರುವ ಲೋಹದ ಫುಡ್ ಲಾಕರ್‌ಗೆ. ವ್ಯಾನ್ ಬಿಟ್ಟು ನಡೆಯಲು ಹೋಗುವಾಗ ಕಿಟಕಿ ಪೂರ್ತಿ ಮುಚ್ಚಿ. ಪಾತ್ರೆ ತೊಳೆದ ನೀರು ನೆಲಕ್ಕೆ ಚೆಲ್ಲುವಂತಿಲ್ಲ. ತಟ್ಟೆಗಳನ್ನು ಮೊದಲು ಪೇಪರ್ ಟವಲಿನಿಂದ ಒರೆಸಿ ಕಸಕ್ಕೆ ಹಾಕಿ, ಆಮೇಲೆ ಬೋಸಿಯಲ್ಲಿ ತೊಳೆದು ಜಾಲರಿಯಲ್ಲಿ ಸೋಸಿ ಗ್ರೇ ಟ್ಯಾಂಕಿಗೆ (ಬಳಸಿದ ನೀರಿನ ಟ್ಯಾಂಕಿಗೆ) ಬಿಡಿ. ಸಾರಿನ ಕೊಬ್ಬರಿ, ಸಾಸಿವೆ ಟ್ಯಾಂಕಿನೊಳಗೆ ಕೊಳೆತರೆ ಮೂರನೇ ದಿನ ಗಾಡಿಯೊಳಗೆ ಇರಲಾಗುವುದಿಲ್ಲ.

ನೀರು ಮೂವರಿಗೆ ಹಿಡಿತದಲ್ಲಿ ಬಳಸಿದರೆ ದಿನಕ್ಕೆ 6 ಗ್ಯಾಲನ್, ಅಂದರೆ ನಿಮ್ಮ 20 ಮೂರು ದಿನಕ್ಕೆ. ಕ್ಯಾಂಪ್‌ಗ್ರೌಂಡ್‌ನಲ್ಲಿ ಕುಡಿಯುವ ನೀರಿನ ನಲ್ಲಿ ಇದೆ, ಎರಡೂವರೆ ಗ್ಯಾಲನ್ ಕ್ಯಾನಿನಲ್ಲಿ ತಂದು ತುಂಬಬಹುದು. ನದಿಯ ನೀರು ಹಿಮನದಿಯ ನುಣುಪು ಹಿಟ್ಟುಮಣ್ಣಿನಿಂದ ಹಾಲಿನಂತಿರುತ್ತದೆ, ಫಿಲ್ಟರ್ ನಿಮಿಷಗಳಲ್ಲಿ ಕಟ್ಟಿಕೊಳ್ಳುತ್ತದೆ, ಅದಕ್ಕೆ ಕೈಹಾಕಬೇಡಿ. ಕ್ಯಾಸೆಟ್ 5 ಗ್ಯಾಲನ್ನಿನದಾದರೆ ಮೂವರಿಗೆ ಎರಡು ದಿನ. ಹಗಲು ಕ್ಯಾಂಪ್‌ಗ್ರೌಂಡಿನ ಫ್ಲಶ್ ಟಾಯ್ಲೆಟ್ ಬಳಸಿ, ಕ್ಯಾಸೆಟನ್ನು ರಾತ್ರಿಗೆ ಮಾತ್ರ ಇಟ್ಟುಕೊಂಡರೆ ನಾಲ್ಕು ರಾತ್ರಿ ತಡೆಯುತ್ತದೆ.

---

ಹನ್ನೆರಡು ವೋಲ್ಟ್

ಒಂದು ಸೇರಿಸಬೇಕು. ಸೆಕೆಂಡ್ ಹ್ಯಾಂಡ್ ವ್ಯಾನ್ ಅಂದಿದ್ದೀರಿ. ಹೊರಡುವ ಎರಡು ವಾರ ಮೊದಲು, ಒಣ ದಿನ ನೋಡಿ ಚಾವಣಿ ಹತ್ತಿ. ಫ್ಯಾನಿನ ಚೌಕಟ್ಟು, ಸೋಲಾರ್ ವೈರು ಒಳಗಿಳಿಯುವ ಜಾಗ, ರ್‍ಯಾಕಿನ ಬೋಲ್ಟುಗಳ ಸುತ್ತ ಇರುವ ಲ್ಯಾಪ್ ಸೀಲಂಟ್ (ನೀರು ತಡೆಯುವ ಅಂಟು) ಬಿರುಕು ಬಿಟ್ಟಿದೆಯೇ, ಅಂಚು ಎದ್ದಿದೆಯೇ ನೋಡಿ. ಎದ್ದದ್ದನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಹೊಸದು ಹಾಕಿ. ಒದ್ದೆ ಮೇಲ್ಮೈಗೆ ಅದು ಹಿಡಿಯುವುದಿಲ್ಲ, ಆದ್ದರಿಂದ ಕಾಡಿಗೆ ಹೋಗಿ ಮಾಡುವ ಕೆಲಸ ಅಲ್ಲ. ಲೋಹಕ್ಕೆ ಸಿಲಿಕೋನ್ ಬಳಿಯಬೇಡಿ, ಮುಂದೆ ಬೇರೆ ಯಾವ ಸೀಲಂಟೂ ಅದರ ಮೇಲೆ ಕೂರುವುದಿಲ್ಲ.

ಸೀಲಂಟ್ ಒಣಗಿದ ಮೇಲೆ ಪೈಪಿನಿಂದ ನೀರು ಬಿಟ್ಟು ನೋಡಿ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಿ, ಒಂದೊಂದು ಜಾಗಕ್ಕೆ ಐದು ನಿಮಿಷ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತಿರಲಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು ತೂತು ಯಾವುದೆಂದು ತಿಳಿಯುವುದಿಲ್ಲ. ವೈಪರಿನ ಕೆಳಗಿನ ಪ್ಲಾಸ್ಟಿಕ್ ತೊಟ್ಟಿಯ ತೂತುಗಳನ್ನೂ ಬಿಡಿಸಿಡಿ. ಸ್ಪ್ರೂಸ್, ಹೆಮ್ಲಾಕ್‌ನ ಸೂಜಿ ಎಲೆಗಳು ಒಂದೇ ರಾತ್ರಿಯಲ್ಲಿ ಅಲ್ಲಿ ಕಟ್ಟಿಕೊಂಡು, ನೀರು ಎಂಜಿನ್ ಕಡೆಗೆ ತಿರುಗುತ್ತದೆ. ಕಾಡಿನಲ್ಲಿ ಬೆಳಗ್ಗೆ ಗಾಜು ಒರೆಸುವಾಗಲೇ ಅದನ್ನೂ ಕೈಯಿಂದ ತೆಗೆದುಹಾಕಿ.

---

ತುಂಗಾತೀರ

6 ಚದರ ಮಿಲಿಮೀಟರ್ ವೈರು ಮತ್ತು ಹೈಗ್ರೋಮೀಟರ್ ಆರ್ಡರ್ ಮಾಡಿದೆ. ಈಗಿರುವ ವೈರಿನ ಮೇಲೆ 14 ಗೇಜ್ ಅಂತ ಬರೆದಿದೆ, ಅಂದರೆ 2.5ಕ್ಕಿಂತಲೂ ಸಣ್ಣ. ಫ್ಯೂಸ್ ಎಷ್ಟರದು ಹಾಕಲಿ?

---

ಹನ್ನೆರಡು ವೋಲ್ಟ್

ಹೀಟರಿನ ಮ್ಯಾನ್ಯುಯಲ್ ಹೇಳಿದಷ್ಟೇ. 2000 ವಾಟ್‌ನವಕ್ಕೆ ಸಾಮಾನ್ಯವಾಗಿ 15 ಅಥವಾ 20 ಆಂಪ್. ವೈರು ದಪ್ಪವಾಯಿತೆಂದು ಫ್ಯೂಸ್ ದೊಡ್ಡದು ಮಾಡಬೇಡಿ, ಹೀಟರಿನ ಕಡೆಯ ಕನೆಕ್ಟರ್ ಹಳೆಯದೇ ಇದೆ. ಫ್ಯೂಸ್ ಬ್ಯಾಟರಿಯ ಪಾಸಿಟಿವ್‌ನಿಂದ 15–20 ಸೆಂಟಿಮೀಟರ್ ಒಳಗೇ ಇರಲಿ. ನೆಗೆಟಿವ್ ವೈರನ್ನೂ ಬದಲಿಸಿ. ಅರ್ಧ ನಷ್ಟ ಆಗುವುದು ಅದರಲ್ಲೇ.